ಅಪ್‌ಡೇಟ್: ಡಾರ್ಟ್ಸ್ ಹಲಗೆಯ ಅಂಕಿಗಳನ್ನು ಜೋಡಿಸಿದವರು ಯಾರು?

ಡಾರ್ಟ್ಸ್ ಎಂದರೆ ಅಂಕಿಗಳಿರುವ ದುಂಡು ಹಲಗೆಗೆ ಚಿಕ್ಕ ಬಾಣಗಳನ್ನು ಎಸೆಯುವ, ಇಂಗ್ಲೆಂಡಿನ ಪಬ್ಬುಗಳ ಆಟ. 20ರ ಅಕ್ಕಪಕ್ಕದಲ್ಲೇ 1 ಮತ್ತು 5 ಬರುವಂತೆ ಆ ಹಲಗೆಯ ಅಂಕಿಗಳನ್ನು ಜೋಡಿಸಿದವರು ಯಾರೆಂದು ಕೇಳಿದ್ದೆ. ಉತ್ತರಿಸಿದವರಿಗೆಲ್ಲ ಧನ್ಯವಾದಗಳು. ಹಲವರು ಹೇಳಿದ ಹೆಸರು ಲ್ಯಾಂಕಾಷೈರ್‌ನ ಬಡಗಿ ಬ್ರಯಾನ್ ಗ್ಯಾಮ್ಲಿನ್, ವರ್ಷ 1896. ಆದರೆ ಈ ಆಟದ ಚರಿತ್ರೆಯ ಮೇಲೆಯೇ ಡಾಕ್ಟರೇಟ್ ಪಡೆದ ಪ್ಯಾಟ್ರಿಕ್ ಚಾಪ್ಲಿನ್ ಅವರಿಗೆ, ಎಷ್ಟು ಹುಡುಕಿದರೂ, ಅದಕ್ಕೆ ಪುರಾವೆ ದೊರೆಯಲಿಲ್ಲ. ಯಾರ್ಕ್‌ಷೈರ್‌ನ ಡ್ಯೂಸ್‌ಬರಿಯ ಥಾಮಸ್ ಬಕಲ್ 1913ರಲ್ಲಿ ಇದನ್ನು ರೂಪಿಸಿದರೆಂಬುದು ಅವರ ಮಗನ ಹೇಳಿಕೆ. ನನಗೆ ಇದೇ ಹೆಚ್ಚು ನಂಬಲರ್ಹವೆನಿಸಿತು. ಮಾತಿನ ಹಿಂದೆ ಒಂದು ಕುಟುಂಬವಾದರೂ ಇದೆ. ಪಬ್ಬಿನ ಆಟಗಳ ಬಗ್ಗೆ ಆಗ ಬರೆದಿಟ್ಟವರೇ ಕಡಿಮೆ. 1927ರಲ್ಲಿ ‘ನ್ಯೂಸ್ ಆಫ್ ದಿ ವರ್ಲ್ಡ್’ ಪತ್ರಿಕೆ ಲಂಡನ್‌ನಲ್ಲಿ ಡಾರ್ಟ್ಸ್ ಪಂದ್ಯಾವಳಿ ಆರಂಭಿಸಿತು. ಮುಂದೆ ಅಲ್ಲಿಂದಲೇ ಓದು ಮುಂದುವರಿಸುತ್ತೇನೆ.