ಸದಸ್ಯರು ಮೂರು ಪಟ್ಟಾಗಿರುವ ಫ್ರೆಟರ್ನಿಟಿ ಚಾಪ್ಟರನ್ನು ಮುನ್ನಡೆಸುವುದು ಹೇಗೆ?

ಪ್ರಶ್ನೆ (ಟೆಕ್ಸಾಸ್‌ನ ವಿದ್ಯಾರ್ಥಿ)

ಹಿರಿಯರಿಗೆ ನಮಸ್ಕಾರ. ಗ್ರೀಕ್ ಅಕ್ಷರಗಳ ಹೆಸರಿಟ್ಟುಕೊಂಡು, ಆಯ್ದ ಹುಡುಗರನ್ನು ಮಾತ್ರ ಸೇರಿಸಿಕೊಳ್ಳುವ ಅಮೆರಿಕದ ಕಾಲೇಜು ಸಂಘಗಳ, ಅಂದರೆ ಫ್ರೆಟರ್ನಿಟಿಗಳ, ವಿಷಯ ಇಲ್ಲಿ ಬಹಳ ಮಂದಿಗೆ ಗೊತ್ತಿದೆ. ದಕ್ಷಿಣ ಏಷ್ಯಾ ಮೂಲದವರು ಕಟ್ಟಿದ ಅಂಥದೊಂದು ಸಂಘದ ನಮ್ಮ ಕಾಲೇಜಿನ ಚಾಪ್ಟರ್‌ಗೆ (ಶಾಖೆಗೆ) ಜನವರಿಯಿಂದ ನಾನು ಅಧ್ಯಕ್ಷನಾಗಲಿದ್ದೇನೆ. ನಾನು ಸೇರಿದಾಗ ಇಪ್ಪತ್ತರ ಆಸುಪಾಸಿನಲ್ಲಿದ್ದ ಸದಸ್ಯರ ಸಂಖ್ಯೆ ಈಗ ಅರವತ್ತು ದಾಟಿದೆ. ಆಗೆಲ್ಲ ಯಾರದೋ ಅಪಾರ್ಟ್‌ಮೆಂಟಿನಲ್ಲಿ ಊಟಕ್ಕೆ ಕುಳಿತಾಗಲೇ ತೀರ್ಮಾನಗಳು ಆಗಿಬಿಡುತ್ತಿದ್ದವು. ಈಗ ಭಾನುವಾರದ ಸಭೆಯಲ್ಲಿ ಹಿಂದಿನ ಸಾಲಿನವರು ಮೊಬೈಲ್ ನೋಡುತ್ತ ಕೂರುತ್ತಾರೆ, ಶುಲ್ಕದ ಬಾಕಿ ಬೆಳೆಯುತ್ತಿದೆ, ಕೆಲಸವೆಲ್ಲ ಐದಾರು ಜನರ ತಲೆಯ ಮೇಲೆಯೇ ಬೀಳುತ್ತಿದೆ. ಸಾಲದ್ದಕ್ಕೆ, ಪೂರ್ಣ ಸದಸ್ಯರಾಗುವ ಮುನ್ನ ಹೊಸಬರು ಕಳೆಯಬೇಕಾದ ಪ್ಲೆಡ್ಜ್ ಎಂಬ ಪರೀಕ್ಷಾ ಅವಧಿಯನ್ನು ಮೊಟಕುಗೊಳಿಸೋಣವೆಂದು ನಾನು ಹೇಳಿದ್ದಕ್ಕೆ, "ನಾವು ಪಟ್ಟ ಪಾಡು ಪಡದವರು ನಮ್ಮವರು ಹೇಗಾಗುತ್ತಾರೆ?" ಎಂದು ಕೊನೆಯ ವರ್ಷದವರು ಮುನಿಸಿಕೊಂಡಿದ್ದಾರೆ. ಎಲ್ಲಿಂದ ಆರಂಭಿಸಲಿ?

ಉತ್ತರ 1 (ನ್ಯೂಜೆರ್ಸಿ, ಮಾಜಿ ಅಧ್ಯಕ್ಷ)

ಮೊದಲು ಹಣದಿಂದ ಆರಂಭಿಸಿ. ರಾಷ್ಟ್ರೀಯ ಕಚೇರಿ ಸಾಮಾನ್ಯವಾಗಿ ಶುಲ್ಕವನ್ನೂ ವಿಮೆಯ ಹಣವನ್ನೂ ತಲೆಗೆ ಇಷ್ಟೆಂದು ಲೆಕ್ಕ ಹಾಕುವುದರಿಂದ, ಪಟ್ಟಿಯಲ್ಲಿದ್ದೂ ಹಣ ಕಟ್ಟದ ಪ್ರತಿಯೊಬ್ಬ ಸದಸ್ಯನೂ ಚಾಪ್ಟರ್‌ನ ಸಾಲವೇ ಆಗುತ್ತಾನೆ. ಕಂತಿನ ಒಪ್ಪಂದಕ್ಕೆ ಸೆಮಿಸ್ಟರ್‌ನ ಮೊದಲ ವಾರದಲ್ಲೇ ಎಲ್ಲರಿಂದ ಸಹಿ ಪಡೆಯಿರಿ, ಗೆಳೆತನದ ದಾಕ್ಷಿಣ್ಯ ಬೇಡ. ಆಮೇಲೆ ಅರವತ್ತು ಮಂದಿಯನ್ನೂ ಒಂದಲ್ಲ ಒಂದು ಸಮಿತಿಗೆ ಹಾಕಿ, ಸಮಿತಿಗಳ ಹೊಣೆಯನ್ನು ಎರಡನೆಯ ವರ್ಷದವರಿಗೆ ಕೊಡಿ. ಚರ್ಚೆ ಅಲ್ಲಿ ಮುಗಿಯಲಿ. ಭಾನುವಾರದ ಸಭೆ ಮತಕ್ಕಷ್ಟೇ ಇರಲಿ.

ಅಧಿಕಾರ ಹಸ್ತಾಂತರವನ್ನು ಯಾರೂ ಗಂಭೀರವಾಗಿ ತೆಗೆದುಕೊಳ್ಳುವುದಿಲ್ಲ. ಬ್ಯಾಂಕ್ ಖಾತೆಯ ಸಹಿಯನ್ನು ಬದಲಾಯಿಸದೆ ಹಳೆಯ ಖಜಾಂಚಿ ಡಿಸೆಂಬರಿನಲ್ಲಿ ಪದವಿ ಮುಗಿಸಿ ಬೇರೆ ರಾಜ್ಯಕ್ಕೆ ಹೊರಟುಹೋದರೆ, ಹೊಸಬನಿಗೆ ಹಾಲ್ ಬಾಡಿಗೆಯ ಒಂದು ಚೆಕ್ ಬರೆಯುವುದಕ್ಕೂ ಆಗುವುದಿಲ್ಲ. ಸಹಿ, ಪಾಸ್‌ವರ್ಡ್, ಕರಾರು ಪತ್ರಗಳು, ವಿಮೆಯ ಕಾಗದ ಎಲ್ಲವೂ ರಜೆಗೆ ಮುಂಚೆಯೇ ಕೈಬದಲಾಗಲಿ.

ಉತ್ತರ 2 (ವಿಶ್ವವಿದ್ಯಾಲಯವೊಂದರ ವಿದ್ಯಾರ್ಥಿ ವ್ಯವಹಾರಗಳ ವಿಭಾಗದ ಉದ್ಯೋಗಿ)

ಪ್ಲೆಡ್ಜ್ ವಿಷಯದಲ್ಲಿ ನಿಮ್ಮ ಹಿರಿಯರ ಮುನಿಸಿಗೆ ಮಣಿಯಬೇಡಿ. "ಪಾಡು ಪಡುವುದು" ಎಂದು ಅವರು ಹೇಳುತ್ತಿರುವುದನ್ನೇ ನಮ್ಮ ಊರುಗಳಲ್ಲಿ ರ‍್ಯಾಗಿಂಗ್ ಎನ್ನುತ್ತೇವೆ. ಟೆಕ್ಸಾಸ್‌ನ ಕಾನೂನಿನ ಪ್ರಕಾರ, ಹೊಸಬ ತಾನೇ ಒಪ್ಪಿಕೊಂಡಿದ್ದ ಎಂಬುದು ಸಮರ್ಥನೆಯಾಗುವುದಿಲ್ಲ. 2024ರ ಡಿಸೆಂಬರಿನಲ್ಲಿ ಸಹಿಯಾದ, ರ‍್ಯಾಗಿಂಗ್ ವಿರುದ್ಧದ ಕೇಂದ್ರ ಸರ್ಕಾರದ ಸ್ಟಾಪ್ ಕ್ಯಾಂಪಸ್ ಹೇಜಿಂಗ್ ಕಾಯ್ದೆಯಂತೂ, ತಪ್ಪಿತಸ್ಥವೆಂದು ಕಂಡುಬಂದ ವಿದ್ಯಾರ್ಥಿ ಸಂಘಗಳ ಹೆಸರನ್ನು ಕಾಲೇಜುಗಳು ಸಾರ್ವಜನಿಕವಾಗಿ ಪ್ರಕಟಿಸಬೇಕೆಂದು ವಿಧಿಸಿದೆ. ಇಪ್ಪತ್ತು ಜನರಿದ್ದಾಗ ಒಬ್ಬ ಹಿರಿಯ ಎಲ್ಲೆ ಮೀರಿದರೆ ಉಳಿದವರ ಕಣ್ಣಿಗೆ ಬೀಳುತ್ತದೆ. ಅರವತ್ತು ಜನರಲ್ಲಿ ಅಧ್ಯಕ್ಷನಿಗೆ ಅದು ತಿಳಿಯುವುದೇ ಕೊನೆಗೆ.

ದೊಡ್ಡ ಸಂಘಗಳೇ ಈ ದಾರಿ ಹಿಡಿದಿವೆ. ಝೀಟಾ ಬೀಟಾ ಟಾವ್ 1989ರಲ್ಲಿ, ಸಿಗ್ಮಾ ಆಲ್ಫಾ ಎಪ್ಸಿಲಾನ್ 2014ರಲ್ಲಿ ಪ್ಲೆಡ್ಜ್ ಪದ್ಧತಿಯನ್ನು ರದ್ದುಪಡಿಸಿದವು. ಆದರೆ ಆಜ್ಞೆ ಹೊರಡಿಸಿದ ಮಾತ್ರಕ್ಕೆ ಹಳೆಯ ಚಾಳಿ ಹೋಗುವುದಿಲ್ಲ. ಪ್ಲೆಡ್ಜ್‌ಗೆ ಮೀಸಲಾಗಿದ್ದ ವಾರಗಳಲ್ಲಿ ಹೊಸಬರಿಗೆ ಮಾಡಲು ನಿಜವಾದ ಕೆಲಸವಿರಬೇಕು. ರಕ್ತದಾನ ಶಿಬಿರವನ್ನೋ ದೀಪಾವಳಿ ಕಾರ್ಯಕ್ರಮವನ್ನೋ ಬಜೆಟ್ ಸಮೇತ ಅವರಿಗೇ ಒಪ್ಪಿಸಿ.

ಉತ್ತರ 3 (ಇಲಿನಾಯ್, ಹಳೆಯ ಸದಸ್ಯ)

ಮೇಲಿನ ಇಬ್ಬರೂ ಬೆಳವಣಿಗೆ ಒಳ್ಳೆಯದೆಂದೇ ಹಿಡಿದು ಮಾತನಾಡಿದ್ದಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಅಷ್ಟು ಜನಕ್ಕೆ ತಕ್ಕ ಬಿಗ್ ಬ್ರದರ್‌ಗಳು (ಹೊಸಬರಿಗೆ ಮಾರ್ಗದರ್ಶಕರಾಗುವ ಹಿರಿಯ ಸದಸ್ಯರು) ನಿಮ್ಮಲ್ಲಿದ್ದಾರೆಯೇ? ಇಲ್ಲವಾದರೆ ಮುಂದಿನ ರಶ್‌ನಲ್ಲಿ (ಹೊಸ ಸದಸ್ಯರ ಆಯ್ಕೆಯಲ್ಲಿ) ಅರ್ಧದಷ್ಟು ಮಂದಿಯನ್ನು ಮಾತ್ರ ತೆಗೆದುಕೊಳ್ಳಿ.

ಪ್ರಶ್ನೆ ಕೇಳಿದವರು

ಮೂವರಿಗೂ ಧನ್ಯವಾದಗಳು. ಸಂಖ್ಯೆ ಇಳಿಸಿದರೆ ಶುಲ್ಕದ ಆದಾಯವೂ ಇಳಿಯುವುದರಿಂದ, ಬಾಕಿ ವಸೂಲಾಗುವವರೆಗೆ ಅದಕ್ಕೆ ಕೈಹಾಕಲಾರೆ. ಪ್ಲೆಡ್ಜ್ ಬದಲಾವಣೆಯನ್ನು ಮಾತ್ರ ಜನವರಿಯ ಮೊದಲ ಸಭೆಯಲ್ಲೇ ಮತಕ್ಕೆ ಹಾಕಬೇಕೆಂದಿದ್ದೇನೆ.

ಉತ್ತರ 1

ಹಾಕುವ ಮುನ್ನ ನಿಮ್ಮ ಚಾಪ್ಟರ್‌ನ ಬೈಲಾವನ್ನೊಮ್ಮೆ ಓದಿ. ತಿದ್ದುಪಡಿಗೆ ಮೂರನೇ ಎರಡರಷ್ಟು ಮತ ಬೇಕೆಂದಿದ್ದರೆ, ಆ ಹಿರಿಯರಲ್ಲಿ ಒಬ್ಬಿಬ್ಬರನ್ನಾದರೂ ರಜೆಯಲ್ಲಿ ಖುದ್ದಾಗಿ ಕಂಡು ಮಾತನಾಡಬೇಕಾಗುತ್ತದೆ.