ಲೈನ್ ಮನೆ ಕಾರ್ಮಿಕರ ಹೆಸರು ಮತದಾರರ ಪಟ್ಟಿಗೆ ಸೇರಿಸುವುದು ಹೇಗೆ?

ಪ್ರಶ್ನೆ: ಕೊಡಗಿನ ಸಿದ್ದಾಪುರ ಕಡೆಯ ಕಾಫಿ ತೋಟಗಳ ಲೈನ್ ಮನೆಗಳಲ್ಲಿರುವ (ಕಾರ್ಮಿಕರ ಸಾಲು ವಸತಿ) ಎರವ, ಜೇನುಕುರುಬ ಕುಟುಂಬಗಳಿಗೆ ಮನೆ ಪತ್ರವಿಲ್ಲ. ನಮ್ಮ ಸಂಘದಿಂದಲೇ ಐವತ್ತು ನಮೂನೆ 6 (ಹೊಸದಾಗಿ ಹೆಸರು ಸೇರಿಸುವ ಅರ್ಜಿ) ತುಂಬಿ ಒಟ್ಟಿಗೆ ಕೊಡಬಹುದೇ?

ಉತ್ತರ 1: ಹಾಗೆ ಮಾಡಬೇಡಿ. ಸಂಘದವರು ಕಟ್ಟು ಕಟ್ಟಿ ತಂದ ಅರ್ಜಿಗಳನ್ನು ತೆಗೆದುಕೊಳ್ಳುವುದಿಲ್ಲ, ಒಂದೇ ಮನೆಯವರದ್ದಾದರೆ ಸರಿ. ನೀವು ತುಂಬಲು ನೆರವಾಗಿ, ಸಹಿ ಅಥವಾ ಹೆಬ್ಬೆಟ್ಟು ಅವರದ್ದೇ ಇರಲಿ. ಮನೆ ಸ್ವಂತದ್ದಾಗಬೇಕಿಲ್ಲ, 1950ರ ಪ್ರಜಾಪ್ರತಿನಿಧಿ ಕಾಯ್ದೆ ಕೇಳುವುದು ಸಾಮಾನ್ಯ ವಾಸವನ್ನು ಮಾತ್ರ. ವಿಳಾಸದ ದಾಖಲೆ ಇಲ್ಲದಿದ್ದರೆ ಬಿಎಲ್‌ಒ (ಮತಗಟ್ಟೆ ಮಟ್ಟದ ಅಧಿಕಾರಿ) ಸ್ಥಳಕ್ಕೇ ಬಂದು ನೋಡಬೇಕು. ಎಡವುವುದು ಇಲ್ಲೇ. ಕುಯ್ಲಿನ ದಿನಗಳಲ್ಲಿ ಬೆಳಗ್ಗೆ ಹನ್ನೊಂದಕ್ಕೆ ಬಂದರೆ ಲೈನಿನ ಬಾಗಿಲುಗಳಿಗೆಲ್ಲ ಚಿಲಕ, ಜನರೆಲ್ಲ ಕಾಫಿ ಗಿಡಗಳ ನಡುವೆ. ‘ವಾಸವಿಲ್ಲ’ ಎಂದು ಷರಾ ಬಿದ್ದರೆ ಅರ್ಜಿ ಮುಗಿದಂತೆ. ಸಂಜೆ ಅಥವಾ ವಾರದ ರಜೆಯಂದು ಬರುವಂತೆ ಮೊದಲೇ ಮಾತಾಡಿಕೊಳ್ಳಿ.

ಪ್ರಶ್ನೆ: ತೋಟದ ಮಾಲೀಕರ ಪತ್ರ?

ಉತ್ತರ 1: ಕಡ್ಡಾಯವಲ್ಲ. ಮತದ ಹಕ್ಕು ಮಾಲೀಕರ ಕೃಪೆಯಲ್ಲ.

ಉತ್ತರ 2: ಇನ್ನೊಂದು ಮುಖ್ಯ ವಿಷಯ. ಹುಣಸೂರಿನಲ್ಲೋ ಪಿರಿಯಾಪಟ್ಟಣದಲ್ಲೋ ಈಗಾಗಲೇ ಹೆಸರಿದ್ದರೆ ನಮೂನೆ 6 ಅಲ್ಲ, ಸ್ಥಳಾಂತರಕ್ಕೆ ನಮೂನೆ 8. ‘ಬೇರೆಲ್ಲೂ ಹೆಸರಿಲ್ಲ’ ಎಂದು ತಿಳಿದೂ ಸುಳ್ಳು ಘೋಷಿಸಿದರೆ ಒಂದು ವರ್ಷದವರೆಗೆ ಜೈಲು. ಓದಲು ಬಾರದವರಿಗೆ ಈ ಸಾಲನ್ನು ಗಟ್ಟಿಯಾಗಿ ಓದಿ ಹೇಳಿ. ಅರ್ಜಿ ತಿರಸ್ಕೃತವಾದರೆ ಲಿಖಿತ ಆದೇಶ ಪಡೆದು, 15 ದಿನದೊಳಗೆ ಜಿಲ್ಲಾಧಿಕಾರಿಗೆ ಮೇಲ್ಮನವಿ ಹಾಕಿಸಿ. ಅನುಮಾನವಿದ್ದರೆ ಮತದಾರರ ಸಹಾಯವಾಣಿ 1950ಕ್ಕೆ ಕರೆ ಮಾಡಿ.