ಬ್ರಿಜ್‌ನಲ್ಲಿ ಸ್ಟೇಮನ್ ಆದ ಮೇಲೆ 4 ನೋಟ್ರಂಪ್: ಏಸ್ ಕೇಳಿದ್ದಾ, ಪಾಯಿಂಟ್ ಕೇಳಿದ್ದಾ?

ದಕ್ಷಿಣದ_ಕೈ:
ಮೊನ್ನೆ ಬ್ರಿಜ್ ಜೋಡಿ ಪಂದ್ಯದಲ್ಲಿ ಆದದ್ದು. ಪಾರ್ಟ್‌ನರ್ 1 ನೋಟ್ರಂಪ್ (ಟ್ರಂಪ್ ಇಲ್ಲದ ಆಟ) ಓಪನ್ ಮಾಡಿದರು, 15ರಿಂದ 17 ಪಾಯಿಂಟ್ (ಏಸ್ 4, ಕಿಂಗ್ 3, ಕ್ವೀನ್ 2, ಜಾಕ್ 1). ನನ್ನ ಕೈ: ಸ್ಪೇಡ್ ಕಿಂಗ್-ಜಾಕ್-9-5, ಹಾರ್ಟ್ ಏಸ್-3, ಡೈಮಂಡ್ ಏಸ್-ಜಾಕ್-7-4, ಕ್ಲಬ್ ಕಿಂಗ್-6-2. ಸ್ಪೇಡ್ ಫಿಟ್ (ಇಬ್ಬರದೂ ಸೇರಿ ಎಂಟು ಕಾರ್ಡ್) ಇದೆಯಾ ನೋಡೋಣ ಅಂತ 2 ಕ್ಲಬ್ ಅಂದೆ (ಇದೇ ಸ್ಟೇಮನ್, ನಾಲ್ಕು ಹಾರ್ಟ್ ಅಥವಾ ಸ್ಪೇಡ್ ಇದೆಯಾ ಎಂದು ಕೇಳುವುದು), ಅವರು 2 ಹಾರ್ಟ್, ನಾನು 4 ನೋಟ್ರಂಪ್. ನಿಮ್ಮ ಹತ್ತಿರ ಪಾಯಿಂಟ್ ಜಾಸ್ತಿ ಇದ್ದರೆ ಸ್ಲ್ಯಾಮ್‌ಗೆ (ಹದಿಮೂರರಲ್ಲಿ ಹನ್ನೆರಡು ಟ್ರಿಕ್) ಹೋಗಿ, ಇಲ್ಲದಿದ್ದರೆ ಪಾಸ್ ಮಾಡಿ, ಅಷ್ಟೇ ನಾನು ಹೇಳಿದ್ದು. ಅವರು ಹಾರ್ಟ್ ಟ್ರಂಪ್ ಎಂದುಕೊಂಡು ಕೀಕಾರ್ಡ್ (ನಾಲ್ಕು ಏಸ್ ಮತ್ತು ಟ್ರಂಪ್ ಕಿಂಗ್) ಲೆಕ್ಕ ಕೊಟ್ಟರು: 5 ಡೈಮಂಡ್. ನಾನು ಅದನ್ನು ಡೈಮಂಡ್ ಸೂಟ್ ಎಂದು ಓದಿ 6 ನೋಟ್ರಂಪ್ ಅಂದೆ. ಒಂದು ಡೌನ್, ಅಂದರೆ ಒಂದು ಟ್ರಿಕ್ ಕಡಿಮೆ.

ಅವರ ಕೈ: ಸ್ಪೇಡ್ ಏಸ್-ಕ್ವೀನ್-6-2, ಹಾರ್ಟ್ ಕಿಂಗ್-ಜಾಕ್-7-4, ಡೈಮಂಡ್ ಕಿಂಗ್-5, ಕ್ಲಬ್ ಏಸ್-8-3. ಆ 4 ನೋಟ್ರಂಪ್ ಬಿಡ್‌ಗೆ ನೀವು ಯಾವ ಅರ್ಥ ಇಟ್ಟುಕೊಂಡಿದ್ದೀರಿ?

ಮೂರನೇ_ರೌಂಡ್:
ಪಾಯಿಂಟ್ ಕೇಳುವ ಬಿಡ್. ಕಾರಣ ಸರಳ, ಹಾರ್ಟ್ ಫಿಟ್ ಇದೆ ಎಂದು ನೀವು ಎಲ್ಲೂ ಹೇಳಿಲ್ಲ. ಸ್ಟೇಮನ್ ಕೇಳಿ, 2 ಹಾರ್ಟ್ ಬಂದ ಮೇಲೆ ನೋಟ್ರಂಪ್‌ಗೆ ವಾಪಸ್ ಹೋದಿರಿ ಅಂದರೆ ನಿಮ್ಮ ಹತ್ತಿರ ಇರುವುದು ನಾಲ್ಕು ಸ್ಪೇಡ್. ಅವರ ಹತ್ತಿರವೂ ನಾಲ್ಕು ಸ್ಪೇಡ್, ಮೇಲೆ ಪೂರ್ತಿ 17 ಪಾಯಿಂಟ್. 5 ಸ್ಪೇಡ್ ಅಥವಾ ನೇರ 6 ಸ್ಪೇಡ್ ಅವರಿಂದ ಬರಬೇಕಿತ್ತು.

ಕೈಗಳನ್ನು ನೋಡಿ. ನೋಟ್ರಂಪ್‌ನಲ್ಲಿ ಖಚಿತವಾಗಿ ಸಿಗುವ ಟ್ರಿಕ್ ಹತ್ತೇ. ಹನ್ನೆರಡು ಆಗಬೇಕಾದರೆ ಹಾರ್ಟ್ ಫಿನೆಸ್, ಡೈಮಂಡ್ ಫಿನೆಸ್ (ಕ್ವೀನ್ ಅನುಕೂಲದ ಎದುರಾಳಿಯ ಹತ್ತಿರ ಇದೆ ಎಂದು ನಂಬಿ ಜಾಕ್‌ನಿಂದ ಟ್ರಿಕ್ ತೆಗೆಯುವುದು) ಎರಡೂ ಕೂಡಿಬರಬೇಕು, ಅಂದರೆ ಹೆಚ್ಚುಕಡಿಮೆ ನಾಲ್ಕರಲ್ಲಿ ಒಂದು ಸಲ. ಸ್ಪೇಡ್‌ನಲ್ಲಿ ಎರಡು ಡೈಮಂಡ್ ರಫ್ ಮಾಡಿಕೊಂಡು (ಟ್ರಂಪ್‌ನಿಂದ ಹೊಡೆದು), ಎದುರಾಳಿಗಳ ಟ್ರಂಪ್ 3-2 ಒಡೆದರೆ ಸಾಮಾನ್ಯವಾಗಿ ಹನ್ನೆರಡು ಬರುತ್ತದೆ. ವಲ್ನರಬಲ್ (ಬೋನಸ್, ದಂಡ ಎರಡೂ ಹೆಚ್ಚಿರುವ ಸ್ಥಿತಿ) ಆಗಿದ್ದರೆ ಸ್ಕೋರ್ 1430. 33 ಪಾಯಿಂಟ್ ಇದೆ ಅಂತ ಸುಮ್ನೆ 6 ನೋಟ್ರಂಪ್‌ಗೆ ಓಡುವುದಕ್ಕಿಂತ ಇದು ಎಷ್ಟೋ ಒಳ್ಳೆಯ ಸ್ಲ್ಯಾಮ್.

ಹಳೇ_ಟೇಬಲ್:
ಒಪ್ಪುತ್ತೇನೆ, ಆದರೆ ಪಾರ್ಟ್‌ನರ್ ಅವರನ್ನೂ ಅರ್ಥ ಮಾಡಿಕೊಳ್ಳಿ. 4 ನೋಟ್ರಂಪ್ ಅಂದರೆ ಬ್ಲ್ಯಾಕ್‌ವುಡ್ (ಏಸ್ ಎಷ್ಟಿವೆ ಎಂದು ಕೇಳುವುದು), ಮುಗೀತು, ಅಂತ ಕಲಿತವರು ತುಂಬಾ ಜನ. 1 ಸ್ಪೇಡ್ ಮೇಲೆ ನೇರ 4 ನೋಟ್ರಂಪ್ ಬಂದರೆ ಅದು ಏಸ್ ಕೇಳುವುದೇ. 1 ನೋಟ್ರಂಪ್ ಮೇಲೆ ನೇರ ಬಂದರೆ ಪಾಯಿಂಟ್ ಕೇಳುವುದು. ಗೊಂದಲ ಇರುವುದು ಸ್ಟೇಮನ್ ಅಥವಾ ಟ್ರಾನ್ಸ್‌ಫರ್ (ಕೆಳಗಿನ ಸೂಟ್ ಹೇಳಿ ನಮ್ಮ ಸೂಟನ್ನು ಪಾರ್ಟ್‌ನರ್‌ನಿಂದ ಹೇಳಿಸುವುದು) ಮಧ್ಯೆ ಬಂದಾಗ, ಯಾಕಂದ್ರೆ ಕೊನೆಗೆ ಟೇಬಲ್ ಮೇಲೆ ಕಾಣುವುದು ಒಂದು ಸೂಟ್. ಟ್ರಾನ್ಸ್‌ಫರ್ ಆದ ಮೇಲಿನ 4 ನೋಟ್ರಂಪ್ ಕೂಡ ನಮ್ಮಲ್ಲಿ ಪಾಯಿಂಟ್ ಕೇಳುವುದೇ. ಏಸ್ ಬೇಕಿದ್ದರೆ ಮೊದಲೇ ಟೆಕ್ಸಸ್ ಟ್ರಾನ್ಸ್‌ಫರ್ (4ರ ಮಟ್ಟದಲ್ಲಿ ಮಾಡುವ ಟ್ರಾನ್ಸ್‌ಫರ್) ಮಾಡಿ ಆಮೇಲೆ 4 ನೋಟ್ರಂಪ್.

ಇನ್ನೊಂದು ತೊಂದರೆ ಇದೆ. ಪಾಯಿಂಟ್ ಕೇಳಿದ್ದು ಎಂದು ಇಬ್ಬರೂ ಒಪ್ಪಿದ ಮೇಲೂ, ಸ್ಲ್ಯಾಮ್‌ಗೆ ಹೋಗುವಾಗ ಕೆಲವರು ದಾರಿಯಲ್ಲಿ ಏಸ್ ಲೆಕ್ಕ ಕೊಡುತ್ತಾರೆ, ಕೆಲವರು ಸೂಟ್ ತೋರಿಸುತ್ತಾರೆ. 5 ಡೈಮಂಡ್‌ಗೆ ಆಗಲೂ ಎರಡು ಅರ್ಥ.

ದಕ್ಷಿಣದ_ಕೈ:
ಹೌದು, ಅದೇ ಚಿಂತೆ. 5 ಡೈಮಂಡ್ ಬಂದ ಮೇಲೆ ನಾನು ಸ್ಪೇಡ್ ಬಿಡ್ ಮಾಡಿದ್ದರೆ ಸರಿಹೋಗುತ್ತಿತ್ತಾ? ಮತ್ತೆ ನಿಜವಾಗಿ ಹಾರ್ಟ್ ಫಿಟ್ ಇದ್ದು ಏಸ್ ಕೇಳಬೇಕಾದರೆ ಏನು ಮಾಡಲಿ?

ಮೂರನೇ_ರೌಂಡ್:
5 ಸ್ಪೇಡ್ ಬೇಡ. ಹಾರ್ಟ್ ಟ್ರಂಪ್ ಎಂದು ನಂಬಿರುವವರಿಗೆ ಅದು ಟ್ರಂಪ್ ಕ್ವೀನ್ ಕೇಳಿದ ಹಾಗೆ ಕಾಣುತ್ತದೆ. 6 ಸ್ಪೇಡ್ ವಾಸಿ, ನಾಲ್ಕು ಸ್ಪೇಡ್ ಇದ್ದವರು ಪಾಸ್ ಮಾಡಬಹುದು, ಇಲ್ಲದವರು 6 ನೋಟ್ರಂಪ್‌ಗೆ ಹೋಗಬಹುದು. ಆದರೆ ಅದನ್ನೂ ಅವರು ಗ್ರ್ಯಾಂಡ್ ಸ್ಲ್ಯಾಮ್‌ಗೆ (ಹದಿಮೂರೂ ಟ್ರಿಕ್) ಕರೆದದ್ದು ಎಂದು ಓದುವ ಅಪಾಯ ಇದ್ದೇ ಇದೆ. ಆ ಹಂತಕ್ಕೆ ಬಂದ ಮೇಲೆ ಯಾವ ಬಿಡ್ ಕೂಡ ಪೂರ್ತಿ ಸುರಕ್ಷಿತ ಅಲ್ಲ.

ಹಾರ್ಟ್ ಫಿಟ್‌ಗೆ ನಾವು ಆಡುವುದು ಇದು: 2 ಹಾರ್ಟ್ ಮೇಲೆ 3 ಸ್ಪೇಡ್. ಸ್ಪೇಡ್‌ಗೂ ಅದಕ್ಕೂ ಸಂಬಂಧ ಇಲ್ಲ, ಹಾರ್ಟ್ ಒಪ್ಪಿದೆ, ಸ್ಲ್ಯಾಮ್ ಆಸೆ ಇದೆ ಎಂದಷ್ಟೇ. 2 ಸ್ಪೇಡ್ ಬಂದರೆ ಅದೇ ಕೆಲಸಕ್ಕೆ 3 ಹಾರ್ಟ್. ಅದಾದ ಮೇಲೆ ಬರುವ 4 ನೋಟ್ರಂಪ್ ಕೀಕಾರ್ಡ್ ಕೇಳುವುದೇ, ಎರಡನೇ ಮಾತಿಲ್ಲ. ಇದು ಭಾರ ಅನ್ನಿಸಿದರೆ 4 ಕ್ಲಬ್‌ಗೆ ಜಂಪ್ ಮಾಡಿ ಗರ್ಬರ್ ಆಡಿ, ಅಂದರೆ ಆ ಬಿಡ್‌ನಿಂದಲೇ ಏಸ್ ಕೇಳಿ. ಯಾವುದಾದರೂ ಸರಿ, ಮುಂದಿನ ಪಂದ್ಯಕ್ಕೆ ಮುಂಚೆ ಇಬ್ಬರೂ ಕೂತು ಕನ್ವೆನ್ಷನ್ ಕಾರ್ಡ್‌ನಲ್ಲಿ ಬರೆದುಕೊಳ್ಳಿ. 4 ನೋಟ್ರಂಪ್ ಮೇಲೆ 5ರ ಮಟ್ಟದಲ್ಲಿ ಬರುವ ಉತ್ತರಗಳ ಅರ್ಥವನ್ನೂ ಜೊತೆಗೇ ಬರೆಯಿರಿ, ಅದನ್ನೇ ಎಲ್ಲರೂ ಬಿಟ್ಟುಬಿಡುತ್ತಾರೆ.